ಎರಡು ವರ್ಷ ತಡವಾಗಿ ತಿಂದ ಕಡುಬು

ತೀರ್ಥಹಳ್ಳಿ ರಸ್ತೆಯಲ್ಲಿ ನನ್ನ ಹಳೇ ಪಾಲುದಾರ ಹೋಟೆಲ್ ತೆರೆದು ಎರಡು ವರ್ಷ. ಶಿವಮೊಗ್ಗದಲ್ಲಿ ನಾವಿಬ್ಬರೂ ಸೇರಿ ನಡೆಸಿದ ಮೆಸ್ ಮುಚ್ಚಿತು, ಇವನದ್ದು ಎದ್ದು ನಿಂತಿತು. ಅದರ ಮುಂದೆ ಕಾರುಗಳು ಕಂಡರೆ ಬೈಕ್ ಜೋರು ಮಾಡಿ ದಾಟಿಬಿಡ್ತಿದ್ದೆ. ಯಾರಾದ್ರೂ ಹೊಗಳಿದ್ರೆ "ಸೋಡಾ ಹಾಕ್ತಾನೆ ಬಿಡಿ" ಅಂತಿದ್ದೆ. ಹಾಕಿದ್ದನ್ನ ಕಂಡವನಲ್ಲ.

ಹೋದ ಭಾನುವಾರ ಜಡಿಮಳೆ. ರೇನ್‌ಕೋಟ್ ಸೋರಿ, ವಿಧಿಯಿಲ್ಲದೆ ಒಳಗೆ ಹೋದೆ.

ಕಡುಬು ಅಕ್ಕಿತರಿಯದ್ದು. ಬೆರಳಲ್ಲಿ ಒಡೆದರೆ ಹಬೆ ಮೇಲೇಳುತ್ತೆ, ತರಿ ಬಿಡಿಬಿಡಿ, ಕೈಗೆ ಅಂಟಲ್ಲ. ನಮ್ಮ ಮೆಸ್ಸಲ್ಲಿ ಅದು ಮುದ್ದೆಯಾಗ್ತಿತ್ತು, ನಾನು ಅಕ್ಕಿಗೆ ಬೈತಿದ್ದೆ. ಕಳಲೆ ಪಲ್ಯದಲ್ಲಿ ಚೂರೂ ಕಹಿ ಇಲ್ಲ. ಎಳೇ ಬಿದಿರನ್ನ ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಬೇಕು. ನಾನು ಒಂದೇ ದಿನಕ್ಕೆ ಒಲೆಗೇರಿಸಿದವನು. ಬೇಡ ಅಂತ ಆಗಲೂ ಅವನು ಹೇಳಿದ್ದ. ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಕಚ್ಚಿದ್ರೆ ಸೊನೆಯ ಪರಿಮಳ ಮೂಗಿಗೇ ಬರುತ್ತೆ.

ತಪ್ಪು ಹುಡುಕದೆ ಬಿಟ್ಟೆನಾ? ಸಾರು ನೀರುನೀರು, ಕಾಫಿಗೆ ಸಕ್ಕರೆ ಜಾಸ್ತಿ, ಕೈ ತೊಳೆಯೋ ಜಾಗ ಜಾರುತ್ತೆ.

ಗಲ್ಲಾದಲ್ಲಿ ಅವನೇ ಇದ್ದ. "ಏನ್ ಮಾರಾಯ, ಅಂತೂ ದಾರಿ ಸಿಕ್ತಾ?" ಅಂದ. ದುಡ್ಡು ಬೇಡ ಅಂದ, ನಾನು ಇಟ್ಟೇ ಬಂದೆ. "ಕಳಲೆ ಚೆನ್ನಾಗಿದೆ ಕಣೋ" ಅನ್ನೋಕೆ ಗಂಟಲು ಸ್ವಲ್ಪ ಹಿಡೀತು, ಆದ್ರೂ ಅಂದೆ. ಹೊರಗೆ ಬಂದು ಕಾರು ಎಣಿಸಿದೆ, ಏಳು. ಹೊಟ್ಟೆಯುರಿ ಒಂದೇ ತಟ್ಟೆಗೆ ಆರೋದಿಲ್ಲ.

ಹೋಗೋರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಕಡುಬು ಖಾಲಿ.