ಸಬ್ಸಿಡಿ ಕಳೆದು ರೇಟು ಹೇಳುವ ಸೋಲಾರ್‌ನವರ ಬಗ್ಗೆ ಹುಷಾರು

ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತಿರುವವರು ಇದನ್ನೊಮ್ಮೆ ಓದಿ. ತಿಪಟೂರಿನಲ್ಲಿ ನಮ್ಮ ಅಕ್ಕ-ಭಾವನ ಮನೆಯಲ್ಲಿ ಆಗಿದ್ದು. ರಗಳೆ ಇನ್ನೂ ಮುಗಿದಿಲ್ಲ.

ಮನೆ ತಾರಸಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ ಸಬ್ಸಿಡಿ, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಈ ದುಡ್ಡು ನೇರ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ. ಅದೂ ಪ್ಯಾನೆಲ್ ಕೂತು, ನೆಟ್ ಮೀಟರ್ (ಲೈನಿಗೆ ಕೊಟ್ಟ ಕರೆಂಟು, ತಗೊಂಡ ಕರೆಂಟು ಎರಡನ್ನೂ ಅಳೆಯುವ ಮೀಟರ್) ಹಾಕಿ, ಎಲ್ಲ ಪರಿಶೀಲನೆ ಮುಗಿದ ಮೇಲೆ.

ಭಾವನ ಮನೆಗೆ ಬಂದ ಏಜೆಂಟ್ ಲೆಕ್ಕವನ್ನೇ ಬೇರೆ ಥರ ಹೇಳಿದ. "ಸಾರ್, ಮೂರು ಕಿಲೋವ್ಯಾಟಿಗೆ 1,98,000. ನೀವು 1,20,000 ಕೊಡಿ ಸಾಕು, ಸಬ್ಸಿಡಿ ನಾವು ನೋಡ್ಕೋತೀವಿ." ಕೇಳೋಕೆ ಚೆನ್ನಾಗಿದೆ, ಅಲ್ವಾ? ಉಳಿದ 78,000ಕ್ಕೆ ತಾರೀಖಿಲ್ಲದ ಚೆಕ್ ಬರೆಸಿಕೊಂಡ. ಸಬ್ಸಿಡಿ ಬಂದ ದಿನ ಹಾಕ್ಕೋತೀವಿ ಎಂದ. ಕೊಟೇಶನ್‌ನಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಪ್ಯಾನೆಲ್ ಕೂತವು, ಕರೆಂಟೂ ಬಂತು. ಸಬ್ಸಿಡಿ ಮಾತ್ರ ಬರಲಿಲ್ಲ. ಕಾರಣ ಕೇಳಿದರೆ, ಇವು ಡಿಸಿಆರ್, ಅಂದರೆ ಪೂರ್ತಿ ಸ್ವದೇಶಿ ಪ್ಯಾನೆಲ್ ಅಲ್ಲ! ಸಬ್ಸಿಡಿ ಬೇಕಾದರೆ ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗಿನ ಸೆಲ್ ಕೂಡ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಹೊರಗಿನಿಂದ ಸೆಲ್ ತರಿಸಿ ಇಲ್ಲಿ ಜೋಡಿಸಿದ ಪ್ಯಾನೆಲ್ಲೂ ಮಾರ್ಕೆಟ್ಟಿನಲ್ಲಿದೆ. ಅದರ ರೇಟು ಕಮ್ಮಿ, ಕರೆಂಟೂ ಚೆನ್ನಾಗೇ ಕೊಡುತ್ತದೆ, ಆದರೆ ಸಬ್ಸಿಡಿಗೆ ನಡೆಯಲ್ಲ. ಏಜೆಂಟ್ ಡಿಸಿಆರ್ ರೇಟು ಹೇಳಿ ಇದನ್ನು ಕೂರಿಸಿದ್ದ.

ಇಷ್ಟರಲ್ಲಿ ಆ ಚೆಕ್ಕನ್ನು ಬ್ಯಾಂಕಿಗೆ ಹಾಕಿಬಿಟ್ಟ. ಬೌನ್ಸ್ ಆಯಿತು. ಲಾಯರ್ ನೋಟಿಸ್ ಬಂತು. ಸಬ್ಸಿಡಿ ಬರಲಿ ಬಿಡಲಿ, ಮಾಲಿನ ದುಡ್ಡು ಬಾಕಿ ಅಂತ ಅವನ ವಾದ. ಸಬ್ಸಿಡಿ ಕೈತಪ್ಪಿದರೆ ಅದನ್ನು ಮನೆಯವರ ತಲೆಗೆ ಕಟ್ಟೋಕೇ ಈ ಥರ ಕಳೆದು ಹೇಳುವುದು ಅಂತ ನನಗನ್ನಿಸುತ್ತದೆ.

ಹಾಗಾಗಿ ಪೂರ್ತಿ ರೇಟಿನ ಕೊಟೇಶನ್ನೇ ಕೇಳಿ. ಅದರಲ್ಲಿ ಡಿಸಿಆರ್ ಅನ್ನೋದು, ಪ್ಯಾನೆಲ್ ಕಂಪನಿ, ವ್ಯಾಟ್ ಎಲ್ಲ ಬರೆಸಿ. ಡಿಸಿಆರ್ ಸರ್ಟಿಫಿಕೇಟಿನ ಸೀರಿಯಲ್ ನಂಬರನ್ನು ಪ್ಯಾನೆಲ್ ಹಿಂದಿನ ಸ್ಟಿಕರ್ ಜೊತೆ, ಅದು ತಾರಸಿಗೆ ಏರುವ ಮೊದಲೇ ತಾಳೆ ನೋಡಿ. ಕೂರಿಸಿದ ಮೇಲೆ ಆ ಸ್ಟಿಕರ್ ಓದೋಕೆ ಅಡಿಯಲ್ಲಿ ತೆವಳಬೇಕಾಗುತ್ತದೆ, ನಾನು ತೆವಳಿದ್ದೇನೆ. ಯೋಜನೆಯ ಪೋರ್ಟಲ್‌ನ ಪಟ್ಟಿಯಲ್ಲಿ ವೆಂಡರ್ ಹೆಸರು ಇದೆಯಾ ನೋಡಿ. ಪೂರ್ತಿ ದುಡ್ಡು ಕೈಯಲ್ಲಿಲ್ಲ ಅಂದರೆ ಚೆಕ್ ಬರೆದುಕೊಡಬೇಡಿ, ಬ್ಯಾಂಕಿನಲ್ಲಿ ಮೂರು ಕಿಲೋವ್ಯಾಟಿನವರೆಗೆ ಅಡಮಾನವಿಲ್ಲದೆ ಸಾಲ ಕೊಡುತ್ತಾರೆ. ಅಂದಹಾಗೆ, ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುತ್ತಿದ್ದರೆ ಸೋಲಾರ್ ಬೇಕಾ ಅಂತ ಮೊದಲು ಲೆಕ್ಕ ಹಾಕಿ. ಭಾವನ ಮನೆಯಲ್ಲಿ 200 ಯೂನಿಟ್ ದಾಟುತ್ತಿತ್ತು, ಅದಕ್ಕೇ ಮನಸ್ಸು ಮಾಡಿದ್ದರು.

ಈಗಾಗಲೇ ಚೆಕ್ ಕೊಟ್ಟು ಕೂತಿದ್ದೀರಾ? "ಸಬ್ಸಿಡಿ ಬಂದರೆ ಮಾತ್ರ ಹಾಕುತ್ತೇವೆ" ಅಂತ ಅವರಿಂದ ವಾಟ್ಸಾಪ್‌ನಲ್ಲಾದರೂ ಇವತ್ತೇ ಬರೆಸಿಕೊಳ್ಳಿ. ನಮ್ಮ ಲಾಯರ್ ಮೊದಲು ಕೇಳಿದ್ದು ಅದನ್ನೇ.