ಅಮೆರಿಕದ ಕಪ್ಪು ಜನರ ಮ್ಯೂಸಿಯಂ: ಒಂದೂವರೆ ಗಂಟೆಯಲ್ಲಿ ನೋಡಲು ಹೋಗಬೇಡಿ

ವಾಷಿಂಗ್ಟನ್ ಡಿ.ಸಿ.ಯಲ್ಲಿ ಸ್ಮಿತ್ಸೋನಿಯನ್ ಎಂಬ ಮ್ಯೂಸಿಯಂ ಸಂಸ್ಥೆಯವರ ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂ ಇದೆ. 2016ರ ಸೆಪ್ಟೆಂಬರ್ 24ರಂದು ಒಬಾಮಾ ಉದ್ಘಾಟಿಸಿದ್ದು. ನಾನು ಎರಡು ಸಲ ಹೋದೆ. ಮೊದಲ ಸಲ ಟೂರ್ ಬಸ್‌ನವರು ಒಂದೂವರೆ ಗಂಟೆ ಕೊಟ್ಟು, ಆಮೇಲೆ ಫೋನ್ ಮೇಲೆ ಫೋನ್ ಮಾಡಿ ಕರೆದರು. ಬೇಜಾರಾಯಿತು. ಎರಡನೇ ಸಲ ಒಬ್ಬಳೇ ಹೋಗಿ ಬೆಳಿಗ್ಗೆಯಿಂದ ಬಾಗಿಲು ಹಾಕುವವರೆಗೂ ಇದ್ದೆ. ಹೋಗುವುದಾದರೆ ಹಾಗೆ ಹೋಗಿ.

ಪ್ರವೇಶಕ್ಕೆ ದುಡ್ಡಿಲ್ಲ, ಆದರೆ ಸಮಯ ಹಾಕಿದ ಪಾಸ್ ಮೊದಲೇ ಆನ್‌ಲೈನಲ್ಲಿ ತೆಗೆದುಕೊಂಡಿರಬೇಕು.

ಹೊರಗಿಂದ ಕಾಣುವುದು ಕಂಚಿನ ಬಣ್ಣದ ಮೂರು ಅಂತಸ್ತಿನ ಕಿರೀಟ. ಅರ್ಧಕ್ಕಿಂತ ಜಾಸ್ತಿ ಕಟ್ಟಡ ನೆಲದ ಕೆಳಗಿದೆ, ಶುರು ಮಾಡಬೇಕಾದ್ದೂ ಅಲ್ಲಿಂದಲೇ. ಲಿಫ್ಟ್ ಇಳಿಯುತ್ತಿದ್ದಂತೆ ಗೋಡೆಯ ಮೇಲೆ ಇಸವಿಗಳು ಹಿಂದಕ್ಕೆ ಸರಿಯುತ್ತವೆ. ಕೆಳಗೆ 1794ರಲ್ಲಿ ಕೇಪ್‌ಟೌನ್ ಬಳಿ ಗುಲಾಮರ ಸಮೇತ ಮುಳುಗಿದ ಸಾವೊ ಜೋಸೆ ಹಡಗಿನ ಕಬ್ಬಿಣದ ದಿಮ್ಮಿಗಳಿದ್ದವು. ಮನುಷ್ಯರ ತೂಕ ಬೇರೆ ಸರಕಿನಷ್ಟಿರುವುದಿಲ್ಲ, ಹಡಗು ಓಲಾಡದಿರಲಿ ಎಂದು ಈ ದಿಮ್ಮಿಗಳನ್ನು ತುಂಬುತ್ತಿದ್ದರು. ಅದನ್ನು ಓದಿ ನಾನು ಸುಮ್ನೆ ನಿಂತುಬಿಟ್ಟೆ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸುತ್ತಿದ್ದ, ಅಮೆರಿಕದ ಸದರ್ನ್ ರೈಲ್ವೆ ಕಂಪನಿಯ ಒಂದು ಬೋಗಿ. ಅದು ಎಷ್ಟು ಭಾರ ಎಂದರೆ, 2013ರಲ್ಲೇ ಕ್ರೇನ್‌ನಿಂದ ಇಳಿಸಿ, ಆಮೇಲೆ ಅದರ ಸುತ್ತ ಕಟ್ಟಡ ಕಟ್ಟಿದರು. ಒಳಗೆ ನಡೆದು ನೋಡಬಹುದು. ಬಿಳಿಯರ ಭಾಗದಲ್ಲಿ ತಲೆಯ ಮೇಲೆ ಲಗೇಜ್ ಇಡುವ ರ್‍ಯಾಕ್ ಇದೆ, ಟಾಯ್ಲೆಟ್ ದೊಡ್ಡದು. ಕಪ್ಪು ಜನರ ಭಾಗಕ್ಕೆ ಬಂದರೆ ರ್‍ಯಾಕೇ ಇಲ್ಲ, ಟಾಯ್ಲೆಟ್ ಇಕ್ಕಟ್ಟು. ಸೂಟ್‌ಕೇಸನ್ನು ಕಾಲ ಬಳಿ ತುರುಕಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೋಗಬೇಕಿತ್ತು. 1896ರಲ್ಲಿ ಸುಪ್ರೀಂ ಕೋರ್ಟು ಪ್ಲೆಸಿ ಕೇಸಿನಲ್ಲಿ, ಬೇರೆ ಬೇರೆ ಕೂರಿಸಿದರೂ ಸೌಲಭ್ಯ ಸಮಾನವಾಗಿದ್ದರೆ ತಪ್ಪಿಲ್ಲ ಎಂದಿತ್ತು. ಆ ಕೇಸೂ ಲೂಯಿಸಿಯಾನಾದ ರೈಲಿನದ್ದೇ. ಎಲ್ಲಿಯ ಸಮಾನ? ಆ ಬೋಗಿಯಲ್ಲಿ ತಲೆ ಎತ್ತಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಎಮ್ಮೆಟ್ ಟಿಲ್ ಎಂಬ ಕಪ್ಪು ಹುಡುಗನ ಶವಪೆಟ್ಟಿಗೆ ಬೇರೆ ಕೋಣೆಯಲ್ಲಿದೆ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರು ಅವನನ್ನು ಕೊಂದಾಗ ಅವನಿಗೆ 14 ವರ್ಷ. ಮಗನಿಗೆ ಏನು ಮಾಡಿದರೆಂದು ಲೋಕ ನೋಡಲಿ ಎಂದು ತಾಯಿ ಮೇಮಿ ಷಿಕಾಗೋದಲ್ಲಿ ಪೆಟ್ಟಿಗೆ ತೆರೆದೇ ಇಡಿಸಿದರು. ಇಲ್ಲಿ ಫೋಟೊ ತೆಗೆಯುವಂತಿಲ್ಲ, ಅದೇ ಸರಿ ಅಲ್ವಾ. ನನ್ನ ಮುಂದೆ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗನ ಟೋಪಿಯನ್ನು ತಾವೇ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಕೆಫೆಯಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆ ಸಿಗುತ್ತದೆ. ಕಾಲರ್ಡ್ ಸೊಪ್ಪನ್ನು ಅಲ್ಲಿನವರು ಮಾಂಸ ಹಾಕಿ ಬೇಯಿಸುವುದೇ ವಾಡಿಕೆ, ಸಸ್ಯಾಹಾರಿಗಳು ಕೇಳಿಕೊಂಡೇ ತೆಗೆದುಕೊಳ್ಳಿ.

ಮೇಲಿನ ಅಂತಸ್ತುಗಳಲ್ಲಿ ಹಾಡು, ಆಟ, ರಾಕ್ ಎನ್ ರೋಲ್ ಹಾಡುಗಾರ ಚಕ್ ಬೆರಿಯ ಕೆಂಪು ಕ್ಯಾಡಿಲಾಕ್ ಕಾರು. ಮಕ್ಕಳು ಅಲ್ಲಿಗೇ ಓಡುತ್ತಾರೆ. ದಯವಿಟ್ಟು ಕೆಳಗಿನದನ್ನು ಮುಗಿಸಿಯೇ ಹತ್ತಿ, ಆ ಸಂಗೀತ ಎಲ್ಲಿಂದ ಎದ್ದು ಬಂತು ಎಂದು ಆಗ ತಿಳಿಯುತ್ತದೆ. ನಡುವೆ ಚಾವಣಿಯಿಂದ ಮಳೆಯಂತೆ ನೀರು ಬೀಳುವ ಒಂದು ಕೋಣೆ ಇದೆ. ಸುತ್ತ ಬೆಂಚುಗಳಿವೆ. ನಾನು ಅಲ್ಲಿ ಇಪ್ಪತ್ತು ನಿಮಿಷ ಕೂತು, ಆಮೇಲೆ ಮೇಲಕ್ಕೆ ಹೋದೆ.