ಟೆಕ್ಸಾಸ್‌ನ ಹಂದಿ ಬೇಟೆಗೆ ಯಾವ ನಾಯಿ?

ಪ್ಲಾಟ್ ಹೌಂಡಾ, ಕ್ಯಾಟಹೂಲಾನಾ, ಅಮೆರಿಕನ್ ಬುಲ್‌ಡಾಗಾ ಅಂತ ಟೆಕ್ಸಾಸ್‌ನಿಂದ ಕೇಳಿದ್ದೀರಿ. ಈ ಮೂರು ತಳಿಗಳ ಕೆಲಸವೂ ಬೇರೆ.

ಪ್ಲಾಟ್‌ನದು ಮೂಗಿನ ಕೆಲಸ. ಹಳೇ ವಾಸನೆ ಹಿಡಿದೂ ಮೈಲಿಗಟ್ಟಲೆ ಹೋಗುತ್ತದೆ. ದೊಡ್ಡ ಕಾಡಿಗೆ ಸರಿ. ಜಮೀನು ಚಿಕ್ಕದಿದ್ದರೆ ಪಕ್ಕದವರ ಬೇಲಿ ದಾಟಿರುತ್ತದೆ. ಜಿಪಿಎಸ್ ಕೊರಳಪಟ್ಟಿ ಇಲ್ಲದೆ ಬಿಡಬೇಡಿ.

ಚಿಕ್ಕ ಜಮೀನಿಗೆ ಕ್ಯಾಟಹೂಲಾ ವಾಸಿ. ಹಂದಿಯನ್ನು ಅಡ್ಡಗಟ್ಟಿ, ಮೈಮೇಲೆ ಬೀಳದೆ ಬೊಗಳುತ್ತಾ ನಿಲ್ಲಿಸುತ್ತದೆ. ಗಾಯ ಕಡಿಮೆ, ಡಾಕ್ಟರ್ ಖರ್ಚೂ ಕಡಿಮೆ. ದನ ಅಟ್ಟೋಕೂ ಆಗುತ್ತೆ. ಒಂದೇ ನಾಯಿ ಸಾಕುವುದಾದರೆ ನಾನು ಇದನ್ನೇ ಹೇಳುವುದು.

ಬುಲ್‌ಡಾಗ್ ಹುಡುಕುವುದಿಲ್ಲ, ಕಚ್ಚಿ ಹಿಡಿಯುತ್ತದೆ. ಉಳಿದವು ಹಂದಿ ನಿಲ್ಲಿಸಿದ ಮೇಲೆ ಬಿಡಬೇಕು. ಕೋರೆಗೆ ಸಿಗುವುದೂ ಅದೇ, ಎದೆಕವಚ ಬೇಕೇ ಬೇಕು. ಬಿಸಿಲಲ್ಲಿ ಬೇಗ ಸುಸ್ತು. ಒಂಟಿಯಾಗಿ ಸುಮ್ನೆ ದಂಡ.

ಊರಿಗೆ ಬಂದಾಗ ಮಾತ್ರ ಈ ಆಸೆ ಬೇಡ. ಭಾರತದಲ್ಲಿ ಅನುಮತಿಯಿಲ್ಲದೆ ಕಾಡುಹಂದಿ ಬೇಟೆಯಾಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು.